ಬಾಂಟು, ಯೊರುಬಾ ಜೀವಶಕ್ತಿ: ಪಾಠ ಮಾಡಿದ ನನ್ನ ಅನುಭವ

ಎಂ.ಎ. ತತ್ವಶಾಸ್ತ್ರದ ಮಕ್ಕಳಿಗೆ ಮಧ್ಯ, ದಕ್ಷಿಣ ಆಫ್ರಿಕಾದ ಬಾಂಟು ಭಾಷೆಗಳ ಜನರೂ ನೈಜೀರಿಯಾ ಕಡೆಯ ಯೊರುಬಾ ಜನರೂ ನಂಬುವ ಜೀವಶಕ್ತಿಯನ್ನು ಕನ್ನಡದಲ್ಲೇ ಹೇಳಿಕೊಡುತ್ತೇನೆ ಅಂದಾಗ ವಿಭಾಗದಲ್ಲಿ ಯಾರೂ ನಂಬಲಿಲ್ಲ. ಈಗ ಅವರೇ ನನ್ನ ನೋಟ್ಸ್ ಕೇಳಿಕೊಂಡು ಬರುತ್ತಾರೆ.

ಮೊದಲ ಎರಡು ದಾರಿ ಕೈಕೊಟ್ಟವು. ವ್ಯಾಖ್ಯೆ ಬರೆಸಿದರೆ ಬಾಯಿಪಾಠವಾಯಿತು. ನಮ್ಮ ಪ್ರಾಣದ ಜೊತೆ ಹೋಲಿಸಿದರೆ ಉತ್ತರಪತ್ರಿಕೆ ತುಂಬ ಉಪನಿಷತ್ತೇ ಬಂತು. ಪುಸ್ತಕ, ಜೆರಾಕ್ಸ್ ಅಂತ ಆರೇಳು ಸಾವಿರ ನನ್ನ ಕೈಯಿಂದಲೇ ಹೋಯಿತು.

ಆಮೇಲೆ ‘ಅದು ಏನು’ ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. ‘ಅದು ಯಾರಿಂದ ಹೆಚ್ಚುತ್ತದೆ, ಯಾರಿಂದ ಕುಗ್ಗುತ್ತದೆ?’ ಇಷ್ಟೇ ಕೇಳಿದೆ. ಕಾಂಗೋದ ಕಟಾಂಗದಲ್ಲಿರುವ ಲುಬಾ ಎಂಬ ಬಾಂಟು ಜನರ ಬಗ್ಗೆ ಪ್ಲಾಸಿಡ್ ಟೆಂಪಲ್ಸ್ ಎಂಬ ಪಾದ್ರಿ 1945ರಲ್ಲಿ ಪ್ರಕಟಿಸಿದ ಮೇಲು-ಕೆಳಗಿನ ಶ್ರೇಣಿಯನ್ನು ಬೋರ್ಡಿನ ಮೇಲೆ ಬರೆದೆ. ದೇವರು, ಕುಲದ ಮೂಲಪುರುಷರು, ಸತ್ತ ಹಿರಿಯರು, ಬದುಕಿರುವವರು, ಕೆಳಗೆ ಪ್ರಾಣಿ, ಗಿಡ, ಕಲ್ಲು. ಯಾರ ಬಲ ಯಾರಿಗೆ ಹರಿಯುತ್ತದೆ ಅಂತ ಮಕ್ಕಳೇ ಬಾಣ ಎಳೆದರು. ಸಂತಾನವಿಲ್ಲದೆ ಸತ್ತವನನ್ನು ಎಲ್ಲಿಡುವುದು? ಅಲ್ಲಿ ಜೋರು ಚರ್ಚೆಯಾಯಿತು. ಅವನನ್ನು ನೆನೆಯುವವರೇ ಇಲ್ಲ, ಹಾಗಾಗಿ ಅವನು ಪೂರ್ತಿ ಸತ್ತ ಅಂತ ಒಬ್ಬ ಹುಡುಗಿ ತಾನಾಗಿಯೇ ಹೇಳಿದಳು. ಶಕ್ತಿ ಇರುವುದೇ ನಂಟಿನಲ್ಲಿ ಅಂತ ನಾನು ಬಿಡಿಸಿ ಹೇಳಬೇಕಾಗಲೇ ಇಲ್ಲ.

ಟೆಂಪಲ್ಸ್ ಬೆಲ್ಜಿಯಂನ ಪಾದ್ರಿ. ಲುಬಾ ಜನರಲ್ಲಿ ಕಂಡದ್ದನ್ನು ಬಾಂಟು ಭಾಷೆಯವರಿಗೆಲ್ಲ ಹಚ್ಚಿಬಿಟ್ಟರು. ಬೆನಿನ್ ದೇಶದ ತತ್ವಜ್ಞ ಪೌಲಿನ್ ಹುಂಟೊಂಡ್ಜಿ ಇದಕ್ಕಾಗಿ ಟೆಂಪಲ್ಸ್‌ರನ್ನು ಜಾಡಿಸಿದ್ದು ಸರಿಯಾಗಿಯೇ ಇದೆ. ಅದಕ್ಕೇ ರುವಾಂಡಾದ ಚಿಂತಕ ಅಲೆಕ್ಸಿ ಕಗಾಮೆ 1956ರಲ್ಲಿ ಮಂಡಿಸಿದ, ಇರುವುದೆಲ್ಲದರ ನಾಲ್ಕು ವಿಂಗಡಣೆಯನ್ನೂ ಪಕ್ಕದಲ್ಲಿಡುತ್ತೇನೆ: ಉಮುಂಟು (ಮನುಷ್ಯ), ಇಕಿಂಟು (ವಸ್ತು), ಅಹಂಟು (ಜಾಗ ಮತ್ತು ಕಾಲ), ಉಕುಂಟು (ಇರುವ ರೀತಿ).

ಯೊರುಬಾ ಪಾಠಕ್ಕೆ ಬೇರೆ ದಿನ. ಇದರಲ್ಲಿ ರಾಜಿಯೇ ಇಲ್ಲ. ಅಲ್ಲಿ ಒಬಾತಾಲಾ ಎಂಬ ದೇವತೆ ದೇಹ ಮಾಡುತ್ತಾನೆ. ಎಲ್ಲರಿಗೂ ಮೇಲಿನ ದೇವರಾದ ಒಲೊಡುಮರೆ ಎಮಿ, ಅಂದರೆ ಉಸಿರು, ಕೊಡುತ್ತಾನೆ. ಹಣೆಬರಹ ಹೊತ್ತ ಒರಿಯನ್ನು, ಅಂದರೆ ತಲೆಯನ್ನು, ಕುಂಬಾರ ಅಜಾಲಾನ ಹತ್ತಿರ ಮನುಷ್ಯನೇ ಆರಿಸಿಕೊಳ್ಳುತ್ತಾನೆ. ಅಶೆಯ ದಾರಿಯೇ ಬೇರೆ. ಮಾತಿನಲ್ಲಿ, ಸೊಪ್ಪಿನಲ್ಲಿ, ಅರಸನಲ್ಲಿ ಇದ್ದು ಅಂದದ್ದನ್ನು ಆಗಿಸುವ ಬಲ ಅದು. ಬಾಂಟು ಬಾಣಗಳನ್ನು ಇಲ್ಲಿಗೆ ತಂದರೆ ಎಲ್ಲ ಕಲಸುಮೇಲೋಗರ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಇಫಾ ಎಂಬ ಯೊರುಬಾ ಶಕುನದಲ್ಲಿ ಎಸೆಯುವ ಒಪೆಲೆ ಸರದ ಲೆಕ್ಕ ತೋರಿಸಲು ಎಂಟು ತೆಂಗಿನ ಚಿಪ್ಪಿನ ಚೂರುಗಳನ್ನು ದಾರಕ್ಕೆ ಪೋಣಿಸಿದೆ. ಖರ್ಚು ಇಪ್ಪತ್ತು ರೂಪಾಯಿ. ಒಂದೊಂದೂ ಬೋರಲು ಇಲ್ಲವೇ ಅಂಗಾತ ಬಿದ್ದರೆ ಒಟ್ಟು 256 ಬಗೆ. ಇಫಾದ ಒಡುಗಳೂ, ಅಂದರೆ ಪದ್ಯಗಳ ವಿಭಾಗಗಳೂ, ಅಷ್ಟೇ, ಅಲ್ವಾ? ಜೀವಶಕ್ತಿ ಇದರಿಂದ ತಿಳಿಯಲಿಲ್ಲ. ಆದರೆ ಬಾಬಲಾವೊಗಳು, ಅಂದರೆ ಇಫಾ ಪುರೋಹಿತರು, ಎಷ್ಟೊಂದು ಪದ್ಯ ನೆನಪಿಡಬೇಕು ಅನ್ನುವ ಅಂದಾಜು ಸಿಕ್ಕಿತು.

ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಮುಕ್ಕಾಲು ಪಾಲು ಈ ಸಲ ಬಾಂಟು, ಯೊರುಬಾ ಎರಡನ್ನೂ ಬೆರೆಸದೆ ಬರೆದರು. ಮೊದಲ ದಿನ ನಾನು ಕೇಳುವ ಮೂರು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮುಂದಿನ ವರ್ಷ ಆಫ್ರಿಕಾ ಮೂಲದ ಬ್ರೆಜಿಲ್ ಧರ್ಮವಾದ ಕಾಂದೊಂಬ್ಲೆಗೆ ಅಶೆ ಹೋಗಿ ನೆಲೆಸಿದ ಕಥೆಯನ್ನು ಸೇರಿಸುತ್ತೇನೆ.