25 ಕೋಟಿ ಬಂಪರ್ ಹೊಡೆದರೆ ಮೊದಲ ಆರು ತಿಂಗಳು ಏನು ಮಾಡಬೇಕು?

ಪ್ರತಿ ವರ್ಷ ಓಣಂ ಹಬ್ಬದ ನಂತರ ತಿರುವನಂತಪುರದ ಗೋರ್ಕಿ ಭವನದಲ್ಲಿ ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯ ಡ್ರಾ ನಡೆಯುತ್ತದೆ. 2021ರಲ್ಲಿ ಮೊದಲ ಬಹುಮಾನ 12 ಕೋಟಿ ಇತ್ತು. 2022ರಲ್ಲಿ ಅದು ಒಂದೇ ಸಲಕ್ಕೆ 25 ಕೋಟಿಗೆ ಏರಿತು. 2024ರಲ್ಲಿ ಆ 25 ಕೋಟಿ ಬಂದಿದ್ದು ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ. ಟಿಕೆಟ್ ಕೊಂಡಿದ್ದು ಗಡಿಯಾಚೆಗಿನ ವಯನಾಡಿನಲ್ಲಿ.

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ಬಂದ್ ಆಗಿದೆ. ಆದರೂ ಮೈಸೂರು, ಕೊಡಗು, ಚಾಮರಾಜನಗರ, ಮಂಗಳೂರು ಕಡೆಯಿಂದ ಕೆಲಸಕ್ಕೋ ನೆಂಟರ ಮನೆಗೋ ಹೋದವರು ಕೇರಳದ ಅಂಗಡಿಗಳಲ್ಲಿ ಟಿಕೆಟ್ ಕೊಳ್ಳುವುದು ಹೊಸದೇನಲ್ಲ. ಅಲ್ಲೇ ಹೋಗಿ ಕೊಂಡ ಟಿಕೆಟ್‌ಗೆ ಬಹುಮಾನ ಬಂದರೆ ಬೇರೆ ರಾಜ್ಯದವರಿಗೂ ಕೊಡುತ್ತಾರೆ.

ಟಿಕೆಟ್ ಕೊಳ್ಳಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. 2024ರಲ್ಲಿ ಈ ಬಂಪರ್‌ನ 70 ಲಕ್ಷಕ್ಕೂ ಜಾಸ್ತಿ ಟಿಕೆಟ್ ಖರ್ಚಾದವು. 25 ಕೋಟಿ ಸಿಕ್ಕಿದ್ದು ಒಂದಕ್ಕೆ. ಒಂದು ಟಿಕೆಟ್‌ಗೆ 500 ರೂಪಾಯಿ, ಅಂದರೆ ಎಷ್ಟೋ ಮನೆಗಳಲ್ಲಿ ಒಂದು ದಿನದ ಕೂಲಿ. ಆದರೆ ಪ್ರತಿ ವರ್ಷ ಯಾರೋ ಒಬ್ಬರಿಗೆ ಹೊಡೆದೇ ಹೊಡೆಯುತ್ತದೆ. ಅವರು ಹೆಚ್ಚಾಗಿ ಆಟೋ ಓಡಿಸುವವರು, ಗ್ಯಾರೇಜಿನವರು, ಕೂಲಿ ಮಾಡುವವರು. ದೊಡ್ಡ ದುಡ್ಡು ನೋಡಿಕೊಳ್ಳುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ದುಡ್ಡು ಹಾಳಾಗುವುದು ಆಸೆಯಿಂದ ಅನ್ನುತ್ತಾರೆ. ನನಗೆ ಕಾಣುವ ಮಟ್ಟಿಗೆ ಅದು ಹಾಳಾಗುವುದು ಅವಸರದಿಂದ.

ಟಿಕೆಟ್ ಜೋಪಾನ

ನಂಬರ್ ನೋಡುವಾಗ ಸೀರೀಸ್ ಅಕ್ಷರಗಳನ್ನೂ ನೋಡಿ. ತಿರುವೋಣಂ ಬಂಪರ್‌ನಲ್ಲಿ ಒಂದೇ ನಂಬರ್ ಹತ್ತು ಸೀರೀಸ್‌ಗಳಲ್ಲಿ ಇರುತ್ತದೆ. ನಂಬರ್ ಸರಿ ಇದ್ದು ಸೀರೀಸ್ ಬೇರೆಯಾದರೆ ಸಿಗುವುದು ಸಮಾಧಾನಕರ ಬಹುಮಾನ, 5 ಲಕ್ಷ. ಟಿವಿಯಲ್ಲಿ ಬಂದಿದ್ದನ್ನೋ ವಾಟ್ಸಾಪ್‌ನಲ್ಲಿ ಬಂದಿದ್ದನ್ನೋ ನಂಬಿ ಕೂರಬೇಡಿ. ಕೇರಳ ಸರ್ಕಾರದ ಗೆಜೆಟ್‌ನಲ್ಲಿ ಬಂದ ಫಲಿತಾಂಶವೇ ಕೊನೆಯ ಮಾತು.

ಆಮೇಲೆ ಟಿಕೆಟ್ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿ ಇಲ್ಲದ ಟಿಕೆಟ್ ಯಾರ ಕೈಯಲ್ಲಿದ್ದರೆ ಅವರದ್ದು ಎನ್ನುವ ಹಾಗಿರುತ್ತದೆ. ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ಯಾರಿಗೂ ಕಳಿಸಬೇಡಿ, ಸ್ಟೇಟಸ್‌ಗೆ ಹಾಕಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಮಡಚದೆ ಒಂದು ಕವರ್‌ನಲ್ಲಿ ಹಾಕಿ, ನೀರು ತಾಗದ ಕಡೆ ಇಡಿ.

ಡ್ರಾ ಆದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ದೊಡ್ಡ ಬಹುಮಾನವಾದರೆ ತಿರುವನಂತಪುರದ ಲಾಟರಿ ನಿರ್ದೇಶನಾಲಯಕ್ಕೆ ನೇರವಾಗಿ ಹೋಗಬಹುದು, ಬ್ಯಾಂಕ್ ಮೂಲಕವೂ ಕೊಡಬಹುದು. ಬ್ಯಾಂಕ್ ಮೂಲಕ ಕೊಡುವುದು ಹೆಚ್ಚು ಸುರಕ್ಷಿತ. ಟಿಕೆಟ್ ಕೊಟ್ಟಿದ್ದಕ್ಕೆ ಸೀಲು, ಸಹಿ ಇರುವ ರಸೀದಿ ಪಡೆಯದೆ ಕೌಂಟರ್ ಬಿಟ್ಟು ಕದಲಬೇಡಿ. ಆಧಾರ್, ಪ್ಯಾನ್, ಫೋಟೊ, ಟಿಕೆಟ್‌ನ ಎರಡೂ ಬದಿಯ ದೃಢೀಕರಿಸಿದ ನಕಲು ಬೇಕಾಗುತ್ತವೆ. ಪ್ಯಾನ್ ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಬೇಕು.

ಇಲ್ಲೇ ಒಂದು ಎಚ್ಚರಿಕೆ. ನೀವು ಟಿಕೆಟ್ಟೇ ಕೊಂಡಿಲ್ಲ, ಆದರೆ ಫೋನ್‌ಗೆ 25 ಲಕ್ಷ ಲಾಟರಿ ಬಂದಿದೆ ಎಂಬ ಮೆಸೇಜ್ ಬರುತ್ತದೆ. ಜೊತೆಗೆ ಪ್ರೊಸೆಸಿಂಗ್ ಫೀ, ಜಿಎಸ್‌ಟಿ ಅಂತ ಮೊದಲೇ ದುಡ್ಡು ಕೇಳುತ್ತಾರೆ. ಅದು ಮೋಸ. ನಿಜವಾದ ಲಾಟರಿಯಲ್ಲಿ ತೆರಿಗೆಯನ್ನು ಬಹುಮಾನದಿಂದಲೇ ಹಿಡಿದುಕೊಳ್ಳುತ್ತಾರೆ, ನಿಮ್ಮ ಕೈಯಿಂದ ಮುಂಗಡ ಕೇಳುವುದಿಲ್ಲ. ಕೇರಳ ಲಾಟರಿ ಕಾಗದದ ಟಿಕೆಟ್ ಮಾತ್ರ. ಆನ್‌ಲೈನ್‌ನಲ್ಲಿ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ.

ಬಾಯಿ ಬಿಡುವ ಮೊದಲು

2022ರಲ್ಲಿ 25 ಕೋಟಿ ಗೆದ್ದ ಆಟೋ ಚಾಲಕರ ಕಥೆ ದೇಶಕ್ಕೇ ಗೊತ್ತಾಯಿತು. ಗೆದ್ದ ಕೆಲವೇ ದಿನಗಳಲ್ಲಿ ಅವರು ಕ್ಯಾಮೆರಾ ಮುಂದೆ ಬಂದು, ಯಾಕಾದರೂ ಗೆದ್ದೆನೋ ಅನ್ನಿಸುತ್ತಿದೆ ಎಂದು ಅಲವತ್ತುಕೊಂಡರು. ಸಹಾಯ ಕೇಳಿಕೊಂಡು ಜನ ಬೆಳಗಾಗುವ ಮೊದಲೇ ಮನೆ ಮುಂದೆ ನಿಲ್ಲುತ್ತಿದ್ದರು. ಮಗುವಿಗೆ ಹುಷಾರಿಲ್ಲದಿದ್ದರೂ ನೆಮ್ಮದಿಯಾಗಿ ಮನೆಗೆ ಹೋಗಲಾಗದೆ ಅವರು ಬೇರೆ ಬೇರೆ ಕಡೆ ಉಳಿದುಕೊಳ್ಳಬೇಕಾಯಿತು. ಆ ಹೊತ್ತಿಗೆ ಬಹುಮಾನದ ದುಡ್ಡು ಅವರ ಕೈಗೆ ಬಂದೂ ಇರಲಿಲ್ಲ.

ಬಂದವರೆಲ್ಲ ಕೆಟ್ಟವರಲ್ಲ. ಯಾರದ್ದೋ ಆಪರೇಷನ್, ಯಾರದ್ದೋ ಮಗಳ ಮದುವೆ, ಯಾರದ್ದೋ ಮನೆ ಹರಾಜಿಗೆ ಬಂದಿದೆ. ಎದುರಿಗೆ ನಿಂತು ಅಳುವವರಿಗೆ ಇಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಆ ಸನ್ನಿವೇಶ ಬರದ ಹಾಗೆ ನೋಡಿಕೊಳ್ಳಬೇಕು. ಹೆಸರು ಹೊರಗೆ ಬಿಡಬೇಡಿ ಎಂದು ಲಾಟರಿ ಇಲಾಖೆಯನ್ನು ಬರಹದಲ್ಲಿ ಕೇಳಿಕೊಳ್ಳಬಹುದು. ಹಾಗೆ ಕೇಳಿಕೊಂಡು ಗುಟ್ಟಾಗಿಯೇ ಉಳಿದ ವಿಜೇತರಿದ್ದಾರೆ. ಮನೆಯಲ್ಲಿ ಗಂಡ ಹೆಂಡತಿಗೆ ಗೊತ್ತಿರಲಿ, ತೀರಾ ನಂಬಿಕೆಯ ಇನ್ನೊಬ್ಬರಿಗೆ ಗೊತ್ತಿರಲಿ. ಸಾಕು. ಚಿಕ್ಕ ಮಕ್ಕಳಿಗೆ ಹೇಳುವುದು ಬೇಡ, ಅವರು ಸ್ಕೂಲಿನಲ್ಲಿ ಹೇಳಿಬಿಡುತ್ತಾರೆ.

ಈಗಾಗಲೇ ಗೊತ್ತಾಗಿಬಿಟ್ಟಿದ್ದರೆ? ಕೇಳಿ ಬಂದವರಿಗೆಲ್ಲ ಒಂದೇ ಮಾತು ಹೇಳಿ: "ದುಡ್ಡು ಇನ್ನೂ ಬಂದಿಲ್ಲ, ತೆರಿಗೆ ಲೆಕ್ಕ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ ಅಂತ ಆಡಿಟರ್ ಹೇಳಿದ್ದಾರೆ." ಇದು ಸುಳ್ಳೂ ಅಲ್ಲ. ಮುಂದಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

25 ಕೋಟಿ ಅಂದರೆ ಕೈಗೆ ಎಷ್ಟು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ.

25 ಕೋಟಿಯಲ್ಲಿ ಮೊದಲು ಶೇ 10 ಏಜೆಂಟ್ ಕಮಿಷನ್ ಹೋಗುತ್ತದೆ, ಅಂದರೆ 2.5 ಕೋಟಿ. ಉಳಿದ 22.5 ಕೋಟಿಯ ಮೇಲೆ ಶೇ 30 ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ), ಅಂದರೆ 6.75 ಕೋಟಿ. ಇವೆರಡನ್ನೂ ಕಳೆದು ನಿಮ್ಮ ಅಕೌಂಟಿಗೆ ಬರುವುದು 15.75 ಕೋಟಿ. ಲಾಟರಿ ದುಡ್ಡಿಗೆ ಇಷ್ಟು ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ರಿಯಾಯಿತಿ ಇಲ್ಲ. ಟಿಕೆಟ್ ಕೊಂಡ ಖರ್ಚನ್ನೂ ಕಳೆಯಲು ಬಿಡುವುದಿಲ್ಲ.

ತೆರಿಗೆ ಕಟ್ಟಿಯಾಯಿತು, ಈ 15.75 ಕೋಟಿ ಪೂರ್ತಿ ನನ್ನದು ಎಂದುಕೊಂಡರೆ ಕೆಟ್ಟಿರಿ. ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆಗಳಾದ ಸರ್‌ಚಾರ್ಜ್ ಮತ್ತು ಸೆಸ್ ಇನ್ನೂ ಬಾಕಿ ಇರುತ್ತವೆ. ಟಿಡಿಎಸ್‌ನಲ್ಲಿ ಅವು ಸೇರಿರುವುದಿಲ್ಲ, ನೀವೇ ಕಟ್ಟಬೇಕು. ಹಳೆ ತೆರಿಗೆ ಪದ್ಧತಿಯಲ್ಲಿ 5 ಕೋಟಿ ದಾಟಿದ ಆದಾಯಕ್ಕೆ ತೆರಿಗೆಯ ಮೇಲೆ ಶೇ 37 ಸರ್‌ಚಾರ್ಜ್. 6.75 ಕೋಟಿಗೆ ಅದು ಸುಮಾರು 2.5 ಕೋಟಿ ಆಗುತ್ತದೆ. ಅದರ ಮೇಲೆ ಶೇ 4 ಸೆಸ್, ಸುಮಾರು 37 ಲಕ್ಷ. ಕೊನೆಗೆ ಉಳಿಯುವುದು 12.88 ಕೋಟಿ.

ಹೊಸ ಪದ್ಧತಿಯಲ್ಲಿ ಸರ್‌ಚಾರ್ಜ್ ಶೇ 25 ದಾಟುವುದಿಲ್ಲ. ಆಗ ಸರ್‌ಚಾರ್ಜ್, ಸೆಸ್ ಎರಡೂ ಸೇರಿ ಸುಮಾರು 2.03 ಕೋಟಿ, ಉಳಿಯುವುದು ಸುಮಾರು 13.72 ಕೋಟಿ. ಯಾವ ಪದ್ಧತಿ ಎಂಬ ಒಂದೇ ಆಯ್ಕೆಯಲ್ಲಿ 84 ಲಕ್ಷದ ವ್ಯತ್ಯಾಸ! ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟ್‌ಗೆ ಕೊಡುವ ಫೀಸು ಇದರ ಮುಂದೆ ಏನೂ ಅಲ್ಲ, ಅಲ್ವಾ?

ಆದ್ದರಿಂದ ದುಡ್ಡು ಬಂದ ದಿನವೇ 3 ಕೋಟಿಯನ್ನು ಬೇರೆ ಅಕೌಂಟಿಗೆ ಹಾಕಿಬಿಡಿ. ಅದು ಸರ್ಕಾರದ್ದು ಅಂತಲೇ ಲೆಕ್ಕ. ಬಾಕಿ ತೆರಿಗೆಯನ್ನು ಆ ಹಣಕಾಸು ವರ್ಷದಲ್ಲಿ ಉಳಿದಿರುವ ಮುಂಗಡ ತೆರಿಗೆಯ ಕಂತುಗಳಲ್ಲಿ (ಡಿಸೆಂಬರ್ 15, ಮಾರ್ಚ್ 15) ಕಟ್ಟಿ. ತಡವಾದರೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೀಳುತ್ತದೆ. ಎರಡು ಕೋಟಿ ಬಾಕಿಗೆ ತಿಂಗಳಿಗೆ 2 ಲಕ್ಷ. ಮನೆ, ಕಾರು, ಸೈಟು ಅಂತ ಎಲ್ಲ ಖರ್ಚು ಮಾಡಿ ಮುಗಿಸಿದ ಮೇಲೆ ನೋಟಿಸ್ ಬಂದರೆ ಕೊಂಡ ಸೈಟನ್ನೇ ಮಾರಬೇಕಾಗುತ್ತದೆ.

ಹಲವರು ಸೇರಿ ಕೊಂಡಿದ್ದರೆ

2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಡಿಯ ಹಸಿರು ಕರ್ಮ ಸೇನೆಯ 11 ಹೆಂಗಸರು 250 ರೂಪಾಯಿಯ ಒಂದು ಮಾನ್ಸೂನ್ ಬಂಪರ್ ಟಿಕೆಟ್ ಕೊಂಡರು. ಮನೆ ಮನೆಯಿಂದ ಕಸ ಒಟ್ಟು ಮಾಡುವವರು. ಒಂಬತ್ತು ಮಂದಿ ತಲಾ 25 ರೂಪಾಯಿ ಹಾಕಿದರು. ಇನ್ನಿಬ್ಬರ ಹತ್ತಿರ ಅಷ್ಟೂ ಇರಲಿಲ್ಲ. ಇಬ್ಬರೂ ಸೇರಿ ಹನ್ನೆರಡೂವರೆ ಹನ್ನೆರಡೂವರೆ ಹಾಕಿ ಒಂದು ಪಾಲು ಮಾಡಿಕೊಂಡರು. ಆ ಟಿಕೆಟ್‌ಗೆ 10 ಕೋಟಿ ಬಂತು. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ನಿಮ್ಮದೂ ಇಂಥ ಗುಂಪಾದರೆ ಡ್ರಾಗೆ ಮೊದಲೇ ಯಾರು ಎಷ್ಟು ಹಾಕಿದರು ಎಂದು ಒಂದು ಚೀಟಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಟಿಕೆಟ್ ಜೊತೆಗೇ ಫೋಟೊ ತೆಗೆದಿಡಿ. ಗೆದ್ದ ಮೇಲೆ ಎಲ್ಲರೂ ಒಟ್ಟಿಗೇ ಹೋಗಿ, ಎಲ್ಲರ ಹೆಸರೂ ಕಾಗದದಲ್ಲಿ ಬರುವ ಹಾಗೆ ಟಿಕೆಟ್ ಒಪ್ಪಿಸಿ. ಒಬ್ಬರ ಹೆಸರಿಗೇ ಪೂರ್ತಿ ದುಡ್ಡು ಬಂದರೆ ತೆರಿಗೆಯೂ ಅವರ ತಲೆ ಮೇಲೆ, ಆಮೇಲೆ ಹಂಚುವಾಗ ತಕರಾರೂ ಅವರ ತಲೆ ಮೇಲೆ.

ಆರು ತಿಂಗಳು ಸುಮ್ನೆ ಇಡಿ

ಅಮೆರಿಕದಲ್ಲಿ 2022ರ ನವೆಂಬರ್‌ನಲ್ಲಿ ಪವರ್‌ಬಾಲ್ ಲಾಟರಿಯ ಜಾಕ್‌ಪಾಟ್ 204 ಕೋಟಿ ಡಾಲರ್ ಮುಟ್ಟಿತು. ಅಲ್ಲಿ ಗೆದ್ದವರಿಗೆ ಎರಡು ದಾರಿ ಇರುತ್ತವೆ. ಒಂದೇ ಸಲಕ್ಕೆ ತೆಗೆದುಕೊಂಡರೆ ಅರ್ಧಕ್ಕಿಂತ ಕಡಿಮೆ ಸಿಗುತ್ತಿತ್ತು, 99.76 ಕೋಟಿ ಡಾಲರ್. ಬೇಡ ಅಂದರೆ 29 ವರ್ಷಗಳಲ್ಲಿ 30 ಕಂತು, ಪ್ರತಿ ಕಂತೂ ಹಿಂದಿನದಕ್ಕಿಂತ ಶೇ 5 ಜಾಸ್ತಿ. ಒಂದು ವರ್ಷದ ಕಂತನ್ನು ಹಾಳು ಮಾಡಿಕೊಂಡರೂ ಮುಂದಿನ ವರ್ಷ ಮತ್ತೆ ಬರುತ್ತದೆ. ದೊಡ್ಡ ದುಡ್ಡು ನೋಡಿ ಅಭ್ಯಾಸ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಕಾವಲು ಇಲ್ಲ.

ನಮ್ಮ ಬಂಪರ್‌ನಲ್ಲಿ ಕಂತು ಇಲ್ಲ, ಎಲ್ಲ ಒಟ್ಟಿಗೇ ಬಂದುಬಿಡುತ್ತದೆ. ಹಾಗಾಗಿ ಕಂತನ್ನು ನಾವೇ ಮಾಡಿಕೊಳ್ಳಬೇಕು. ತೆರಿಗೆ ದುಡ್ಡು ಬದಿಗಿಟ್ಟ ಮೇಲೆ ಮೊದಲು ಸಾಲ ತೀರಿಸಿ. ಕೈಸಾಲ, ಚಿನ್ನದ ಸಾಲ, ಮೀಟರ್ ಬಡ್ಡಿ, ಎಲ್ಲ. ಉಳಿದಿದ್ದನ್ನು ಆರು ತಿಂಗಳಿಂದ ಒಂದು ವರ್ಷದ ಎಫ್‌ಡಿಗಳಲ್ಲಿ ಇಡಿ. ಕೆಲಸ ಬಿಡುವ ನಿರ್ಧಾರವನ್ನೂ ಆ ಆರು ತಿಂಗಳು ಮುಂದೆ ಹಾಕಿ.

ಎಲ್ಲಿ ಇಡಬೇಕು ಎಂಬುದು ಮುಖ್ಯ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಕೊಡುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ತೆಗೆಯಲು ಬಿಟ್ಟಿದ್ದು 35,000 ರೂಪಾಯಿ. ನಿವೃತ್ತಿ ದುಡ್ಡು ಇಟ್ಟಿದ್ದ ಹಿರಿಯರು ಬೀದಿಗೆ ಬಂದು ನಿಂತರು. ಎರಡು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಇಡೀ ದುಡ್ಡನ್ನು ಒಂದು ಸಣ್ಣ ಬ್ಯಾಂಕಿನಲ್ಲಿ ಇಡುವುದು ಬೇಡವೇ ಬೇಡ. ಎರಡು ಮೂರು ದೊಡ್ಡ ಬ್ಯಾಂಕುಗಳಲ್ಲಿ ಹಂಚಿ ಇಡಿ. ಸ್ವಲ್ಪ ಭಾಗವನ್ನು ಸರ್ಕಾರಿ ಬಾಂಡ್‌ಗಳಲ್ಲೂ ಹಾಕಬಹುದು. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಸಾಮಾನ್ಯರೂ ಅದನ್ನು ನೇರವಾಗಿ ಕೊಳ್ಳಬಹುದು.

10 ಕೋಟಿ ಹೀಗಿಟ್ಟು ಶೇ 6.5 ಬಡ್ಡಿ ಬಂದರೆ ವರ್ಷಕ್ಕೆ 65 ಲಕ್ಷ. ಆ ಬಡ್ಡಿಗೂ ತೆರಿಗೆ ಇದೆ. ಎಲ್ಲ ಕಟ್ಟಿ ಕೈಗೆ ಉಳಿಯುವುದು ತಿಂಗಳಿಗೆ ಸುಮಾರು 4 ಲಕ್ಷ. ಒಂದು ಸಂಸಾರಕ್ಕೆ ಇದು ಧಾರಾಳ. ಆದರೆ ಬೆಲೆಗಳು ಏರುತ್ತಲೇ ಇರುವುದರಿಂದ ಬಡ್ಡಿಯ ಸ್ವಲ್ಪ ಭಾಗವನ್ನು ವಾಪಸ್ ಅಸಲಿಗೆ ಸೇರಿಸುತ್ತಾ ಹೋಗಬೇಕು.

2022ರ ಆ ಪ್ರಕರಣದ ನಂತರ ಕೇರಳ ಲಾಟರಿ ಇಲಾಖೆ ಒಂದು ಒಳ್ಳೆಯ ಕೆಲಸ ಮಾಡಿತು. ತಿರುವನಂತಪುರದ ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆಯ ಜೊತೆ ಸೇರಿ, ಗೆದ್ದವರಿಗೆ ದುಡ್ಡು ನಿಭಾಯಿಸುವ ತರಬೇತಿಯನ್ನು 2023ರಲ್ಲಿ ಶುರು ಮಾಡಿತು. ಕರೆದರೆ ತಪ್ಪದೆ ಹೋಗಿ.

ಕೊಡುವುದಿದ್ದರೆ

ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೆ ಎಷ್ಟು ಕೊಟ್ಟರೂ ಅವರಿಗೆ ತೆರಿಗೆ ಬೀಳುವುದಿಲ್ಲ. ಅಣ್ಣನ ಮಗನಿಗೆ ಕೊಟ್ಟರೂ ಇಲ್ಲ. ಆದರೆ ದೊಡ್ಡಪ್ಪನ ಮಗನಿಗೋ ಗೆಳೆಯನಿಗೋ ಕೊಟ್ಟಿದ್ದು ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತ ಅವರ ಆದಾಯವಾಗಿ ತೆರಿಗೆಗೆ ಬರುತ್ತದೆ. ಕಾನೂನಿನ ಕಣ್ಣಿಗೆ ಅವರು ಹತ್ತಿರದ ನೆಂಟರಲ್ಲ. ಹೆಂಡತಿ ಹೆಸರಿಗೆ ಹಾಕಿದರೆ ಬಡ್ಡಿ ತೆರಿಗೆ ಉಳಿಯುತ್ತದೆ ಎಂದು ಹೇಳುವವರಿರುತ್ತಾರೆ. ಉಳಿಯುವುದಿಲ್ಲ, ಆ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ.

ಸಹಾಯಕ್ಕೆ ಅಂತ ಒಂದು ಮೊತ್ತವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, 50 ಲಕ್ಷವೋ ಒಂದು ಕೋಟಿಯೋ. ಅದು ಮುಗಿದರೆ ಮುಗಿಯಿತು. ಆಸ್ಪತ್ರೆ ಖರ್ಚಾದರೆ ಆಸ್ಪತ್ರೆಗೇ ಕಟ್ಟಿ, ಫೀಸಾದರೆ ಸ್ಕೂಲಿಗೇ ಕಟ್ಟಿ. ಸಾಲ ಅಂತ ಕೊಡುವುದಾದರೆ ನಗದಾಗಿ ಕೊಡಬೇಡಿ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಬ್ಯಾಂಕ್ ಮೂಲಕವೇ ಹೋಗಲಿ.

ಮನೆ, ಜಮೀನು, ಉಯಿಲು

ಜಮೀನು ಕೊಳ್ಳುವ ಆಸೆ ಸಹಜ. ಆದರೆ ಲಾಟರಿ ಹೊಡೆದವರು ಎಂದು ಗೊತ್ತಾದರೆ ಎಕರೆ ರೇಟೇ ಬದಲಾಗುತ್ತದೆ. ವರ್ಷ ಕಳೆಯಲಿ. ಪಹಣಿ, ಮ್ಯುಟೇಷನ್, 30 ವರ್ಷದ ಇಸಿಯನ್ನು (ಋಣಭಾರ ಪ್ರಮಾಣಪತ್ರ) ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರು ಕರೆತಂದ ವಕೀಲರಿಗಲ್ಲ.

ಪ್ರತಿ ಅಕೌಂಟಿಗೂ ಎಫ್‌ಡಿಗೂ ನಾಮಿನಿ ಹೆಸರು ಕೊಡಿ. ಆದರೆ ನಾಮಿನಿ ಎಂದರೆ ವಾರಸುದಾರ ಅಲ್ಲ. ಬ್ಯಾಂಕಿನಿಂದ ದುಡ್ಡು ಪಡೆದು ವಾರಸುದಾರರಿಗೆ ತಲುಪಿಸುವ ಹೊಣೆ ಮಾತ್ರ ಅವರದ್ದು. ಯಾರಿಗೆ ಎಷ್ಟು ಎಂಬುದು ಉಯಿಲಿನಲ್ಲೇ ಇರಬೇಕು. ಇಬ್ಬರು ಸಾಕ್ಷಿಗಳು ಸಾಕು, ಆದರೆ ಉಯಿಲಿನಲ್ಲಿ ಪಾಲು ಇರುವವರು ಸಾಕ್ಷಿ ಹಾಕುವುದು ಬೇಡ. ನೋಂದಣಿ ಕಡ್ಡಾಯವಲ್ಲ, ಆದರೂ ಇಷ್ಟು ದೊಡ್ಡ ಮೊತ್ತಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾಡಿಸಿಬಿಡಿ.