ತವರಿನ ಜಮೀನಿನಲ್ಲಿ ಪಾಲು: ಸಹಿ ಹಾಕುವ ಮುಂಚೆ ಮಾಡಬೇಕಾದ್ದು

ಅಪ್ಪನ ತಿಥಿ ಮುಗಿದು ವಾರ ಕಳೆಯುವಷ್ಟರಲ್ಲಿ ಫೋನ್ ಬರುತ್ತದೆ: ‘ಅಕ್ಕಾ, ಪೌತಿ ಖಾತೆಗೆ ನಿಂದೊಂದು ಸಹಿ ಬೇಕು, ಆಧಾರ್ ತಗೊಂಡು ಬಂದುಬಿಡು.’ ಪೌತಿ ಖಾತೆಗೆಂದು (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು) ಹೋದವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಸೀರೆ ಉಡಿಸಿಕೊಂಡು ವಾಪಸು ಬರುವುದು ಊರೂರಲ್ಲೂ ನಡೆಯುತ್ತದೆ.

ಕಾನೂನು ಎರಡು ಮಾತಿನಲ್ಲಿ ಮುಗಿಯುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಗೆರೆ ಅಳಿಸಿತು. ಅದು ಜಾರಿಗೆ ಬಂದ ದಿನಕ್ಕೆ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಆಗಿಹೋದ ಮಾರಾಟ, ನೋಂದಾಯಿತ ವಿಭಾಗಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಅಪ್ಪನ ಸ್ವಯಾರ್ಜಿತವಾದರೆ, ಉಯಿಲು ಇಲ್ಲದಿದ್ದಲ್ಲಿ, ಹೆಂಡತಿ, ತಾಯಿ, ಮಕ್ಕಳು ಎಲ್ಲರಿಗೂ ಸಮಪಾಲು. 4 ಎಕರೆಗೆ ಅಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಎಂದರೆ ತಲಾ 32 ಗುಂಟೆ. ಮದುವೆಗೆ ಖರ್ಚು ಮಾಡಿದ್ದು ಈ ಲೆಕ್ಕದಲ್ಲಿ ಕಳೆಯುವುದಿಲ್ಲ. (ಇದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು, ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನಿದೆ.)

1. ಪಹಣಿ ತೆಗೆಸಿ. ಉತ್ತರ ಕರ್ನಾಟಕದವರು ಉತಾರ ಎನ್ನುವುದೂ ಇದನ್ನೇ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅದು ಹೇಗೆ ಬಂತು, ಯಾವ ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ನಂಬರ್, 11ರಲ್ಲಿ ಸಾಲ ಇದೆಯೇ ನೋಡಿ. ಆ ಎಂ.ಆರ್. ನಕಲು ಬೇಕೇಬೇಕು. ಜಮೀನು ತಾತನದೋ ಅಪ್ಪ ಕೊಂಡದ್ದೋ ಎಂಬ ಜಗಳಕ್ಕೆ ಸುಳಿವು ಅಲ್ಲೇ ಸಿಗುತ್ತದೆ. ಜೊತೆಗೆ ಋಣಭಾರ ಪತ್ರ. ನಮೂನೆ 16 ಬಂದರೆ ಕೇಳಿದ ಅವಧಿಯಲ್ಲಿ ಯಾವ ವ್ಯವಹಾರವೂ ನೋಂದಣಿಯಾಗಿಲ್ಲ. ನಮೂನೆ 15 ಬಂದರೆ ಆದದ್ದರ ಪಟ್ಟಿ ಅದರಲ್ಲಿರುತ್ತದೆ.

2. ವಂಶವೃಕ್ಷ ನೋಡಿ. ನಾಡಕಚೇರಿಗೆ ಕೊಡುವ ಅಫಿಡವಿಟ್‌ನಲ್ಲಿ ಗಂಡುಮಕ್ಕಳ ಹೆಸರಷ್ಟೇ ಬರೆದು ‘ಬೇರೆ ವಾರಸುದಾರರಿಲ್ಲ’ ಎಂದುಬಿಡುತ್ತಾರೆ. ಮದುವೆಯಾದವರು, ತೀರಿಕೊಂಡ ಅಕ್ಕನ ಮಕ್ಕಳು, ಎಲ್ಲರೂ ಅದರಲ್ಲಿರಬೇಕು. ನಿಮ್ಮ ಆಧಾರ್‌ನಲ್ಲಿ ಗಂಡನ ಹೆಸರಿದ್ದರೆ ಶಾಲೆಯ ವರ್ಗಾವಣೆ ಪತ್ರವನ್ನೋ ಅಂಕಪಟ್ಟಿಯನ್ನೋ ಹುಡುಕಿಡಿ. ನೀವು ಇಂಥವರ ಮಗಳೆಂದು ತೋರಿಸಲು ಅದು ಬೇಕಾಗುತ್ತದೆ.

3. ಸಹಿ. ಎಲ್ಲರೂ ಎಡವುವುದು ಇಲ್ಲೇ.

ಮೊದಲು ಯಾವ ಕಚೇರಿಗೆ ಕರೆಯುತ್ತಿದ್ದಾರೆ ಕೇಳಿ. ಪೌತಿ ಖಾತೆ ಕಂದಾಯ ಇಲಾಖೆಯ ಕೆಲಸ: ನಾಡಕಚೇರಿ, ತಾಲೂಕು ಕಚೇರಿ, ಗ್ರಾಮ ಆಡಳಿತ ಅಧಿಕಾರಿ. ಅದಕ್ಕೆ ಸಬ್‌ರಿಜಿಸ್ಟ್ರಾರ್ ಮುಂದೆ ಕೂತು ಫೋಟೊ, ಹೆಬ್ಬೆಟ್ಟು ಕೊಡಬೇಕಾಗಿಲ್ಲ. ಅಲ್ಲಿಗೆ ಕರೆದರೆ ಅದು ಬೇರೆ ಪತ್ರ.

ಪತ್ರದ ಕರಡನ್ನು ಹಿಂದಿನ ದಿನವೇ ತರಿಸಿಕೊಂಡು ಓದಿ. ಮೂರು ಸಾಲು ಹುಡುಕಿ. ‘ನನ್ನ ಹಕ್ಕನ್ನು ನಿಮ್ಮ ಪರವಾಗಿ ಬಿಟ್ಟುಕೊಟ್ಟಿರುತ್ತೇನೆ’ ಎಂದಿದ್ದರೆ ಪಾಲು ಹೋಯಿತು. ‘ಬಾಬ್ತು ಹಣವನ್ನು ನಗದಾಗಿ ಪಡೆದಿರುತ್ತೇನೆ’ ಎಂದಿದ್ದರೆ ಕೈಗೆ ಬಾರದ ಹಣಕ್ಕೂ ರಸೀದಿ ಕೊಟ್ಟಂತೆ. ಕೊನೆಯಲ್ಲಿ ಷೆಡ್ಯೂಲು, ಅಂದರೆ ಆಸ್ತಿಗಳ ಪಟ್ಟಿ: ‘ಮನೆ ಒಂದಕ್ಕೆ ಮಾತ್ರ’ ಎಂದು ಬಾಯಲ್ಲಿ ಹೇಳಿ, ಅಲ್ಲಿ ಎಲ್ಲ ಸರ್ವೆ ನಂಬರ್ ತುಂಬಿರುತ್ತಾರೆ. ಪತ್ರ ಬರಹಗಾರನಿಗೆ ದುಡ್ಡು ಕೊಟ್ಟವರು ನಿಮ್ಮ ಸಹಿ ಕೇಳುತ್ತಿರುವವರೇ. ‘ಏನಿಲ್ಲಮ್ಮ, ಮಾಮೂಲಿ’ ಎಂಬ ಅವನ ಮಾತಿಗೆ ಬೆಲೆ ಕೊಡಬೇಡಿ.

ಕಚೇರಿಯವರೆಗೆ ಹೋಗಿಬಿಟ್ಟಿದ್ದರೂ ದಾರಿಯಿದೆ. ಪತ್ರ ನೀವೇ ಬರೆದುಕೊಟ್ಟದ್ದು ಹೌದೇ ಎಂದು ಅಧಿಕಾರಿ ಕೇಳಬೇಕು. ‘ಇಲ್ಲ, ಒಪ್ಪುವುದಿಲ್ಲ’ ಎಂದರೆ ನಿಮ್ಮ ಮಟ್ಟಿಗೆ ನೋಂದಣಿ ನಿರಾಕರಿಸಲೇಬೇಕು. ಅಣ್ಣ ಪಕ್ಕದಲ್ಲೇ ನಿಂತಿರುವಾಗ ಬಾಯಿ ಏಳುವುದಿಲ್ಲ, ಅದಕ್ಕೇ ಹಿಂದಿನ ದಿನ ಓದಿ ಎಂದದ್ದು. ಒಮ್ಮೆ ನೋಂದಣಿಯಾದರೆ ರದ್ದತಿಗೆ ಕೋರ್ಟಿಗೇ ಹೋಗಬೇಕು, ಅದೂ ಮೋಸ ತಿಳಿದ ಮೂರು ವರ್ಷದೊಳಗೆ.

ಮನಸಾರೆ ಬಿಟ್ಟುಕೊಡುವವರೂ ಇದ್ದಾರೆ, ಅದು ಅವರಿಷ್ಟ. ಹಣ ಪಡೆದು ಬಿಡುವುದಾದರೆ ಮಾತ್ರ ಡಿಡಿ ಪಡೆದು, ಅದರ ನಂಬರನ್ನು ಪತ್ರದಲ್ಲೇ ಬರೆಸಿ. ‘ಮುಂದಿನ ಫಸಲಿಗೆ ಕೊಡ್ತೀನಿ’ ಬೇಡ. ನೋಟರಿ ಮುಂದೆ ಬರೆಸುವ ಬಾಂಡ್ ಪೇಪರ್ ಅಂತೂ ಬೇಡವೇ ಬೇಡ. ಸ್ಥಿರಾಸ್ತಿಯ ಹಕ್ಕು ಅದರಿಂದ ಕೈ ಬದಲಾಗುವುದಿಲ್ಲ. ಖಾಲಿ ಹಾಳೆಗೆ ಸಹಿ, ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಬೇರೆಯವರಿಗೆ ಕೊಡುವ ಅಧಿಕಾರ ಪತ್ರ), ಎರಡೂ ಕೂಡದು.

4. ನಿಮ್ಮನ್ನು ಬಿಟ್ಟು ಖಾತೆಗೆ ಅರ್ಜಿ ಹಾಕಿದ್ದಾರೆಯೇ? ನೋಟಿಸಿನಲ್ಲಿ ಬರೆದ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ತಕರಾರು ಲೆಕ್ಕಕ್ಕಿಲ್ಲ. ಖಾತೆ ಆಗಿಹೋಗಿದ್ದರೆ ತಿಳಿದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಅದೂ ತಪ್ಪಿತೆಂದು ಎದೆಗುಂದಬೇಡಿ: ಪಹಣಿ ಕಂದಾಯದ ದಾಖಲೆ, ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಇನ್ನು ‘ಮಾರಲು ಬಿಡಬೇಡಿ’ ಎಂದು ಸಬ್‌ರಿಜಿಸ್ಟ್ರಾರ್‌ಗೆ ಅರ್ಜಿ ಬರೆದು ನೆಮ್ಮದಿಯಾಗಿರುವವರಿದ್ದಾರೆ. ಮಾರಾಟ ನಿಲ್ಲಿಸಲು ಕೋರ್ಟಿನ ತಡೆಯಾಜ್ಞೆಯೇ ಬೇಕು.

5. ಪಾಲಿನ ದಾವೆ. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ತಾಲೂಕು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ದಾವೆಯಲ್ಲಿ ಕುಟುಂಬದ ಎಲ್ಲ ಆಸ್ತಿಯನ್ನೂ ಎಲ್ಲ ಪಾಲುದಾರರನ್ನೂ ಸೇರಿಸಿ. ಒಂದು ಸೈಟು ಬಿಟ್ಟರೂ, ಒಬ್ಬ ತಂಗಿಯನ್ನು ಬಿಟ್ಟರೂ ಎದುರಿನ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ.

ಗೆದ್ದಾಗ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ. ಅದರಲ್ಲಿ ನಿಮಗೆ ಐದರಲ್ಲಿ ಒಂದು ಪಾಲು ಎಂದಿರುತ್ತದೆ, ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದಿರುವುದಿಲ್ಲ. ಅದನ್ನು ಬೀರುವಿನಲ್ಲಿಟ್ಟು ಸುಮ್ಮನಾದವರು ಬಹಳ. ಮುಂದೆ ಎಫ್‌ಡಿಪಿ, ಅಂದರೆ ಅಂತಿಮ ಡಿಕ್ರಿಯ ಪ್ರಕ್ರಿಯೆ, ನಡೆಯುವಂತೆ ನೋಡಿಕೊಳ್ಳಬೇಕು. ಕೃಷಿ ಜಮೀನಾದರೆ ಅಳತೆ ಕಂದಾಯ ಇಲಾಖೆಯ ಮೂಲಕ ನಡೆಯುತ್ತದೆ. ಸರ್ವೆಯವರು ಚೈನು ಹಿಡಿದ ದಿನ ನೀವೇ ಹೊಲದಲ್ಲಿರಿ. ಬಾವಿ, ಬೋರು, ಗಾಡಿದಾರಿ ಯಾರ ಪಾಲಿಗೆ ಹೋಗುತ್ತದೆಂದು ನಕ್ಷೆಯಲ್ಲಿ ಬರೆಸಿಯೇ ಸಹಿ ಹಾಕಿ.