ಗಾಲಿ ವಾಕರ್: ಮಡಚುವುದು, ಇಡುವುದು, ಪ್ರಯಾಣದಲ್ಲಿ ಒಯ್ಯುವುದು

ಹತ್ತುವಾಗ ಮನುಷ್ಯ ಮೊದಲು, ವಾಕರ್ ಆಮೇಲೆ. ಇಳಿಯುವಾಗ ವಾಕರ್ ಮೊದಲು, ಮನುಷ್ಯ ಆಮೇಲೆ. ಆಟೋ ಇರಲಿ, ಬಸ್ಸಿರಲಿ, ರೈಲಿರಲಿ, ಈ ಕ್ರಮ ತಪ್ಪಬಾರದು. ಬಸ್ಸು ಬಂತೆಂಬ ಅವಸರಕ್ಕೆ ಮನೆಯವರು ಅಜ್ಜಿಯ ಕೈಯಿಂದ ವಾಕರ್ ಇಸಕೊಂಡು ಮಡಚಲು ಬಗ್ಗುತ್ತಾರೆ. ಅಷ್ಟು ಹೊತ್ತು ಅಜ್ಜಿ ಹಿಡಿಯಲು ಏನೂ ಇಲ್ಲದೆ ನಿಂತಿರುತ್ತಾರೆ. ಇಳಿದಾಗ ವಾಕರ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಅದರ ಮೇಲೆ ಭಾರ ಬೀಳುತ್ತದೆ, ಅದು ಒಳಕ್ಕೆ ಮಡಚಿಕೊಳ್ಳುತ್ತದೆ. ಈ ಎರಡನ್ನು ತಪ್ಪಿಸಿಕೊಂಡರೆ ಉಳಿದದ್ದು ಕೈಗೆ ರೂಢಿಯಾಗುವ ಕೆಲಸ.

ನಿಮ್ಮದು ಯಾವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಒಂದು, ಮುಂದೆ ಎರಡು ಸಣ್ಣ ಗಾಲಿ, ಹಿಂದೆ ರಬ್ಬರ್ ಬುಷ್ ಇರುವ ಹಗುರ ವಾಕರ್. ತೂಕ ಸುಮಾರು 3 ಕೆ.ಜಿ. ಇನ್ನೊಂದು, ನಾಲ್ಕು ಗಾಲಿ, ಸೀಟು, ಕೈಬ್ರೇಕು ಇರುವ ರೋಲೇಟರ್. ಅದು ಅಲ್ಯೂಮಿನಿಯಂ ಆದರೆ 6ರಿಂದ 8 ಕೆ.ಜಿ., ಉಕ್ಕಿನದಾದರೆ 9–10 ಕೆ.ಜಿ. ತೂಗುತ್ತದೆ. ರೋಲೇಟರಿನಲ್ಲೂ ಕೆಲವು ಎಡಬಲ ಕೂಡಿಕೊಳ್ಳುತ್ತವೆ, ಕೆಲವು ಹಿಂದುಮುಂದಾಗಿ ಮಡಚಿಕೊಳ್ಳುತ್ತವೆ. ಪುಟ್ಟ ಕಾರು, ಆಟೋದಲ್ಲಿ ಓಡಾಡುವವರಿಗೆ ಎಡಬಲ ಕೂಡುವುದೇ ಅನುಕೂಲ: ಅದು 25–30 ಸೆಂ.ಮೀ. ಅಗಲಕ್ಕೆ ಇಳಿಯುತ್ತದೆ, ಮಡಚಿದ ಮೇಲೂ ತನ್ನ ಗಾಲಿಯ ಮೇಲೇ ನಿಲ್ಲುತ್ತದೆ. ಉದ್ದ, ಎತ್ತರ ಮಾತ್ರ ಹಾಗೇ ಇರುತ್ತವೆ. ಕೊಳ್ಳುವ ಮೊದಲು ಕಾರಿನ ಡಿಕ್ಕಿಗೆ ಟೇಪು ಹಿಡಿದು ನೋಡಿ.

ರೋಲೇಟರ್ ಮಡಚುವುದು

ಬಳಸುವವರು ಅಲುಗಾಡದ ಕುರ್ಚಿ, ಕಟ್ಟೆ ಅಥವಾ ವಾಹನದ ಸೀಟಿನ ಮೇಲೆ ಪೂರ್ತಿ ಕೂತಿರಬೇಕು. ಎರಡೂ ಬ್ರೇಕ್ ಹಿಡಿಗಳನ್ನು 'ಟಕ್' ಎನ್ನುವವರೆಗೆ ಕೆಳಕ್ಕೆ ಒತ್ತಿ ಲಾಕ್ ಮಾಡಿ. ಸೀಟಿನ ಕೆಳಗಿನ ಚೀಲ ಖಾಲಿ ಮಾಡಿ. ಇದನ್ನು ಬಹಳ ಮಂದಿ ಬಿಡುತ್ತಾರೆ. ನೀರಿನ ಬಾಟಲಿ, ಮಾತ್ರೆ ಡಬ್ಬಿ ಕತ್ತರಿಯಾಕಾರದ ಪಟ್ಟಿಗಳ ನಡುವೆ ಸಿಕ್ಕಿಕೊಂಡರೆ ವಾಕರ್ ಮುಕ್ಕಾಲು ಭಾಗ ಮಡಚಿ ನಿಲ್ಲುತ್ತದೆ. ಮೊಣಕಾಲು ಕೊಟ್ಟು ಒತ್ತಿದರೆ ಪಟ್ಟಿ ಬಾಗುತ್ತದೆ. ಒಮ್ಮೆ ಬಾಗಿದ ಪಟ್ಟಿಯ ವಾಕರ್ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ.

ಆಮೇಲೆ ಸೀಟಿನ ನಡುವಿನ ಪಟ್ಟಿಯನ್ನು ಒಂದೇ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎರಡೂ ಬದಿ ತಾನಾಗಿ ಹತ್ತಿರ ಬರುತ್ತವೆ. ಇನ್ನೊಂದು ಕೈ ಮೇಲಿನ ಹಿಡಿಯ ಮೇಲಿರಲಿ. ಕತ್ತರಿ ಪಟ್ಟಿಯ ಹತ್ತಿರ, ಸೀಟಿನ ಅಂಚಿನ ಕೆಳಗೆ ಬೆರಳು ಹಾಕಬೇಡಿ. ಉಗುರು ಕಿತ್ತುಹೋಗುವುದು ಅಲ್ಲಿಯೇ. ಪೂರ್ತಿ ಮಡಚಿದ ಮೇಲೆ ಬದಿಯ ಕೊಕ್ಕೆ ಅಥವಾ ಬೆಲ್ಟು ಹಾಕಿ. ಕೊಕ್ಕೆ ಹಾಕದ ವಾಕರನ್ನು ಎತ್ತಿದರೆ ಅದು ಮೆಟ್ಟಿಲ ನಡುವೆಯೇ ತೆರೆದುಕೊಂಡು ಎತ್ತಿದವರನ್ನೂ ಕೆಡವುತ್ತದೆ. ಕೊಕ್ಕೆ ಕಳೆದುಹೋಗಿದ್ದರೆ ವೆಲ್ಕ್ರೋ ಪಟ್ಟಿ ಹೊಲಿಸಿ ಹಾಕಿಕೊಳ್ಳಿ.

ಹಿಂದುಮುಂದು ಮಡಚುವ ಮಾದರಿಯಲ್ಲಿ ಮೊದಲು ಸೀಟನ್ನು ಮೇಲಕ್ಕೆ ಎತ್ತಬೇಕು. ಅದರಡಿ ಒಂದು ಅಡ್ಡಸರಳು ಅಥವಾ ಲಾಕ್ ಇರುತ್ತದೆ. ಅದನ್ನು ಮೇಲಕ್ಕೆ ಎಳೆದರೆ ಹಿಂಗಾಲು ಮುಂಗಾಲಿನ ಕಡೆ ಬರುತ್ತವೆ. ಇದು ಮಡಚಿದ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ, ಗೋಡೆಗೆ ಒರಗಿಸಬೇಕು.

ಯಾವ ಮಾದರಿಯಾದರೂ ಬ್ರೇಕ್ ವೈರಿನ ಮೇಲೆ ಒಂದು ಕಣ್ಣಿರಲಿ. ಮಡಚುವಾಗ ಅದು ಪಟ್ಟಿಗಳ ನಡುವೆ ಸಿಕ್ಕು ಒಮ್ಮೆ ಮುರುಟಿತೆಂದರೆ ಒಳಗಿನ ತಂತಿ ಸಲೀಸಾಗಿ ಜಾರುವುದಿಲ್ಲ, ಒಂದು ಬದಿಯ ಬ್ರೇಕು ತಡವಾಗಿ ಹಿಡಿಯುತ್ತದೆ. ವಾಕರ್ ಆಗ ಒಂದು ಕಡೆಗೆ ತಿರುಗುತ್ತದೆ.

ಬಿಚ್ಚುವುದು: ಇಲ್ಲಿ ಅವಸರ ಬೇಡ

ಸಮ ನೆಲದ ಮೇಲೆ ಇಟ್ಟು ಕೊಕ್ಕೆ ತೆಗೆಯಿರಿ. ಎರಡೂ ಬದಿಯನ್ನು ಸ್ವಲ್ಪ ಅಗಲಿಸಿ, ಸೀಟಿನ ಎರಡು ಅಂಚಿನ ಸರಳುಗಳನ್ನು ಅಂಗೈ ಚಾಚಿ ಕೆಳಕ್ಕೆ ಒತ್ತಿ. ಸರಳನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಬೆರಳು ಅಡಿಗೆ ಸಿಗುತ್ತವೆ. ಸರಳುಗಳು ತಮ್ಮ ಗೂಡಿನಲ್ಲಿ ಕೂತಾಗ ಸದ್ದು ಕೇಳುತ್ತದೆ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಸದ್ದನ್ನು ನಂಬಿಕೊಳ್ಳಬೇಡಿ: ಸರಳು ಎರಡೂ ಕಡೆ ಗೂಡಿಗೆ ತಾಗಿದೆಯೇ ಎಂದು ಕಣ್ಣಿನಿಂದ ನೋಡಿ, ಮತ್ತೊಮ್ಮೆ ನಿಮ್ಮ ಮೈಭಾರ ಹಾಕಿ ಒತ್ತಿ. ಒಂದು ಕಡೆ ಕೂತು ಇನ್ನೊಂದು ಕಡೆ ಬೆರಳಗಲ ಮೇಲೆ ನಿಂತಿರುವುದೇ ಅಪಾಯ. ದೂರದಿಂದ ನೋಡಿದರೆ ವಾಕರ್ ಸರಿಯಾಗಿಯೇ ಕಾಣುತ್ತದೆ.

ಬಳಿಕ ಬ್ರೇಕ್ ಲಾಕ್ ಮಾಡಿ ವಾಕರನ್ನು ಮುಂದಕ್ಕೆ ತಳ್ಳಿ ನೋಡಿ. ಹಿಂದಿನ ಎರಡು ಗಾಲಿಯೂ ಉರುಳಬಾರದು. ಅಲ್ಲಿಯವರೆಗೆ ಕೂತವರು ಕೂತೇ ಇರಲಿ. "ಅವ್ವಾ, ತಡಿ, ಇನ್ನೂ ಏಳಬ್ಯಾಡ" ಎಂದು ಬಾಯಿಬಿಟ್ಟು ಹೇಳಿ. ವಾಹನ ನಿಂತ ಕೂಡಲೇ ಎದ್ದುಬಿಡುವುದು ಹಿರಿಯರ ಅಭ್ಯಾಸ. ನೀವು ಮನಸ್ಸಿನಲ್ಲಿ ಅಂದುಕೊಂಡದ್ದು ಅವರಿಗೆ ಗೊತ್ತಾಗುವುದಿಲ್ಲ.

ಎರಡು ಗಾಲಿಯ ಹಗುರ ವಾಕರಿನಲ್ಲಿ ಕೆಲಸ ಕಡಿಮೆ. ಮುಂದಿನ ಅಡ್ಡಪಟ್ಟಿಯ ಎರಡು ತುದಿಯಲ್ಲಿರುವ ಗುಂಡಿ ಒತ್ತಿ ಒಂದು ರೆಕ್ಕೆಯನ್ನು, ಅಂದರೆ ಬದಿಯ ಚೌಕಟ್ಟನ್ನು, ಒಳಕ್ಕೆ ತರಬೇಕು, ಆಮೇಲೆ ಇನ್ನೊಂದನ್ನು. ಬಿಚ್ಚುವಾಗ ಎರಡೂ ರೆಕ್ಕೆ ಹೊರಕ್ಕೆ ಬಂದು ಗುಂಡಿ ತಾನಾಗಿ ಹೊರಗೆ ಹಾರಿರಬೇಕು. ರೆಕ್ಕೆಗಳನ್ನು ಒಳಕ್ಕೆ ತಳ್ಳಿ ನೋಡಿ. ಅಲುಗಿದರೆ ಲಾಕ್ ಬಿದ್ದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಹಳೆಯ ಮನೆಗಳಲ್ಲಿ ಬಚ್ಚಲು, ಸಂಡಾಸಿನ ಬಾಗಿಲು ಇಕ್ಕಟ್ಟು. ರೋಲೇಟರ್ ತೂರುವುದಿಲ್ಲ. ಆಗ ಅದನ್ನು ಅರ್ಧ ಮಡಚಿ ಹಿಡಿದುಕೊಂಡೇ ಒಳಗೆ ಹೋಗುವವರಿದ್ದಾರೆ. ಅರ್ಧ ಮಡಚಿದ ವಾಕರ್ ಯಾವ ಭಾರವನ್ನೂ ತಾಳುವುದಿಲ್ಲ. ಬಾಗಿಲ ಪಕ್ಕದ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ, ಇಲ್ಲವೇ ಒಳಗಿನ ಓಡಾಟಕ್ಕೆ ಬಾಗಿಲಗಲ ನೋಡಿ ಬೇರೊಂದು ಸಪೂರ ವಾಕರ್ ಇಟ್ಟುಕೊಳ್ಳಿ.

ಎತ್ತರದ ಗುರುತು

ಪ್ರಯಾಣಕ್ಕೆ ಹಿಡಿಗಳನ್ನು ತಗ್ಗಿಸಿದರೆ ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ. ಆದರೆ ಮತ್ತೆ ಏರಿಸುವಾಗ ಎಡಕ್ಕೆ ಒಂದು ತೂತು, ಬಲಕ್ಕೆ ಇನ್ನೊಂದು ತೂತು ಆಗಿ ವಾಕರ್ ವಾಲುತ್ತದೆ. ಸರಿಯಾದ ಎತ್ತರದಲ್ಲಿ ಎರಡೂ ಪೈಪಿಗೆ ಉಗುರುಬಣ್ಣದ ಗೆರೆ ಎಳೆದಿಡಿ. ಗುರುತು ಇಲ್ಲದಿದ್ದರೆ, ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಹಿಡಿಯೂ ಅಲ್ಲಿರಬೇಕು. ಹಿಡಿಯ ತಿರುಪುಗಳನ್ನು ಕೈಯಿಂದಲೇ ಗಟ್ಟಿ ಬಿಗಿ ಮಾಡಿ. ಪಕ್ಕಡ್ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಮನೆಯಲ್ಲಿ ಎಲ್ಲಿ, ಹೇಗೆ

ರಾತ್ರಿ ಮಡಚಿ ಮೂಲೆಗಿಡಬೇಡಿ. ಅವರು ಯಾವ ಮಗ್ಗುಲಿಂದ ಏಳುತ್ತಾರೋ ಆ ಮಗ್ಗುಲಲ್ಲಿ, ಬಿಚ್ಚಿ, ಬ್ರೇಕ್ ಲಾಕ್ ಮಾಡಿ, ಕೈಗೆಟಕುವಂತೆ ನಿಲ್ಲಿಸಿ. ನಿದ್ದೆಗಣ್ಣಲ್ಲಿ ಯಾರೂ ಸರಳು ಒತ್ತಿ ನೋಡುವುದಿಲ್ಲ. ಸೀಟಿನ ಮೇಲೆ ಹೊದಿಕೆ, ಬಟ್ಟೆ ಹೇರಿ ಅದನ್ನು ಗೂಟದಂತೆ ಬಳಸುವುದೂ ಬೇಡ. ಸೀರೆಯ ಸೆರಗು ಗಾಲಿಗೆ ಸುತ್ತಿಕೊಳ್ಳುತ್ತದೆ.

ಹಗಲು ಪಡಸಾಲೆಯಲ್ಲಿ ಮಡಚಿಟ್ಟರೆ ನಡೆದಾಡುವ ದಾರಿಯಿಂದ ದೂರ, ಗೋಡೆಗೆ ಒತ್ತಿಕೊಂಡಿರಲಿ. ಹೊರಗಿನ ಕಟ್ಟೆ, ಮಾಳಿಗೆ ಬೇಡ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಹಿಡಿಯ ಫೋಮು ಅಂಟಂಟಾಗುತ್ತದೆ, ಪ್ಲಾಸ್ಟಿಕ್ ಲಾಕುಗಳು ಬರಬರುತ್ತ ಪೆಡಸಾಗಿ ಮುರಿಯುತ್ತವೆ, ಕಾದ ಪೈಪು ತೆಳು ಚರ್ಮದ ಕೈಯನ್ನು ಸುಡುತ್ತದೆ. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದು ಇನ್ನೂ ಕೆಟ್ಟದ್ದು.

ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ರೇಕ್ ಲಾಕ್ ತೆಗೆದಿಡಿ. ಲಾಕ್ ಹಾಕಿಯೇ ಇಟ್ಟರೆ ಬ್ರೇಕಿನ ಪಟ್ಟಿ ಒಂದೇ ಜಾಗದಲ್ಲಿ ಒತ್ತಿ ಗಾಲಿಯ ಮೇಲೆ ತಗ್ಗು ಬೀಳುತ್ತದೆ, ಮುಂದೆ ಪ್ರತಿ ಸುತ್ತಿಗೂ ವಾಕರ್ ಕುಲುಕುತ್ತದೆ. ಉರುಳದಂತೆ ಗಾಲಿಗೆ ಒಂದು ಕಟ್ಟಿಗೆ ತುಂಡು ಕೊಡಿ. ಜೋಳ, ಭತ್ತದ ಚೀಲ ಇರುವ ಕೋಣೆಯಾದರೆ ಹಿಡಿಗಳಿಗೆ ದಪ್ಪ ಪ್ಲಾಸ್ಟಿಕ್ ಸುತ್ತಿ ವಾಕರನ್ನು ಗೋಡೆಯ ಮೊಳೆಗೆ ತೂಗುಹಾಕಿ. ಇಲಿಗೆ ಫೋಮು ಬಲು ಇಷ್ಟ.

ಪ್ರಯಾಣ

ಎತ್ತುವಾಗ ಬದಿಯ ಚೌಕಟ್ಟಿನ ಪೈಪು ಹಿಡಿದು ಎತ್ತಿ. ಮೇಲಿನ ಹಿಡಿ ಹಿಡಿದರೆ ಅದು ಜಾರಿ ಹೊರಬರಬಹುದು, ಚೀಲ ಹಿಡಿದರೆ ಹರಿಯುತ್ತದೆ, ವೈರು ಹಿಡಿದರೆ ಬ್ರೇಕು ಹೋಗುತ್ತದೆ. ಮೊಣಕಾಲು ಬಗ್ಗಿಸಿ, ವಾಕರ್ ಮೈಗೆ ಹತ್ತಿಕೊಂಡಂತೆ ಎತ್ತಿದರೆ ನಿಮ್ಮ ಸೊಂಟ ಉಳಿಯುತ್ತದೆ.

ಆಟೋದಲ್ಲಿ ಸೀಟಿನ ಹಿಂದಿನ ಜಾಗ ಒಳ್ಳೆಯದು. ಅಲ್ಲಿ ಹಿಡಿಸದಿದ್ದರೆ ಕಾಲಡಿ ಅಡ್ಡ ಮಲಗಿಸಿ. ಗಾಲಿಯಾಗಲಿ ಹಿಡಿಯಾಗಲಿ ಹೊರಗೆ ಚಾಚಬಾರದು. ಟಂಟಂ ಮೇಲಿನ ಕ್ಯಾರಿಯರಿಗೆ ಹಾಕುವುದಾದರೆ ಮುಂದೊಂದು, ಹಿಂದೊಂದು, ಎರಡು ಕಡೆ ಹಗ್ಗ ಬಿಗಿಯಬೇಕು. ಒಂದೇ ಹಗ್ಗವಾದರೆ ಮೊದಲ ಸ್ಪೀಡ್ ಬ್ರೇಕರಿನಲ್ಲೇ ವಾಕರ್ ಗಿರಕಿ ತಿರುಗುತ್ತದೆ.

ಬೈಕಿನ ಮೇಲೆ ಹಿರಿಯರು ಹಿಂದೆ ಕೂತು ವಾಕರನ್ನು ತೊಡೆಯ ಮೇಲೆ ಹಿಡಿದು ಹೋಗುವುದನ್ನು ನಮ್ಮ ಕಡೆ ಬೇಕಾದಷ್ಟು ನೋಡುತ್ತೇವೆ. ದಯವಿಟ್ಟು ಬೇಡ. ಅವರ ಎರಡು ಕೈಯೂ ಹಿಡಿದುಕೊಳ್ಳಲು ಖಾಲಿ ಇರಬೇಕು. ವಾಕರನ್ನು ಇನ್ನೊಂದು ಗಾಡಿಯಲ್ಲಿ ತನ್ನಿ, ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿ ಕಟ್ಟಿ. ಹಗ್ಗದ ತುದಿ ಚೈನಿಗೆ, ಚಕ್ರಕ್ಕೆ ಇಳಿಬಿದ್ದಿರದಂತೆ ಗಂಟು ಹಾಕಿ.

ಕಾರಿನಲ್ಲಿ ಡಿಕ್ಕಿಯೇ ಸರಿ. ಗ್ಯಾಸ್ ಸಿಲಿಂಡರ್ ಇರುವ ಕಾರಾದರೆ ವಾಕರಿನ ಗಾಲಿ, ಪೈಪು ಸಿಲಿಂಡರಿನ ವಾಲ್ವಿಗೆ ತಾಗದಂತೆ ನಡುವೆ ಕಂಬಳಿ ಮಡಚಿಡಿ. ಡಿಕ್ಕಿಯಲ್ಲಿ ಹಿಡಿಸದೆ ಹಿಂದಿನ ಸೀಟಿನ ಮೇಲೆ ಇಟ್ಟರೆ ಸೀಟ್ ಬೆಲ್ಟನ್ನು ಚೌಕಟ್ಟಿನೊಳಗಿಂದ ತೂರಿಸಿ ಹಾಕಿ. ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದು ಬ್ರೇಕ್ ಒತ್ತಿದರೆ ಎಂಟು ಕೆ.ಜಿ.ಯ ವಾಕರ್ ಮುಂದಿನವರ ತಲೆಗೇ ಬರುತ್ತದೆ.

ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಮೆಟ್ಟಿಲು ಎತ್ತರ. ಜೊತೆಗೆ ಇಬ್ಬರಿದ್ದರೆ ಒಬ್ಬರು ಮನುಷ್ಯನಿಗೆ, ಒಬ್ಬರು ವಾಕರಿಗೆ. ಒಬ್ಬರೇ ಇದ್ದರೆ ಮೊದಲು ಹಿರಿಯರನ್ನು ಹತ್ತಿಸಿ ಕೂರಿಸಬೇಕು, ಕೆಳಗಿದ್ದ ವಾಕರ್ ಬಗ್ಗೆ ಕಂಡಕ್ಟರಿಗೆ ಹತ್ತುವ ಮೊದಲೇ ಹೇಳಿಡಿ: "ಸರ, ಇದನ್ನ ಸ್ವಲ್ಪ ಮ್ಯಾಲ ಕೊಡ್ರಿ." ಒಳಗೆ ನಡುದಾರಿಯಲ್ಲಿ ನಿಲ್ಲಿಸಬೇಡಿ. ಮುಂದಿನ ಸೀಟಿನ ಕಾಲಿಗೆ ಒತ್ತಿಟ್ಟು ಒಂದು ಮೊಳ ಹಗ್ಗದಿಂದ ಕಟ್ಟಿ. ಬೆಂಗಳೂರಿಗೆ ಹೋಗುವ ಸ್ಲೀಪರ್ ಬಸ್ಸಿನ ಡಿಕ್ಕಿಗೆ ಹಾಕುವುದು ಅನಿವಾರ್ಯವಾದರೆ ಚೀಲ ಬಿಚ್ಚಿ ಕೈಯಲ್ಲಿಟ್ಟುಕೊಳ್ಳಿ, ಇತರ ಸಾಮಾನು ಹಾಕಿದ ಮೇಲೆ ಕೊನೆಗೆ ಇಡಿಸಿ, ಹೆಸರು, ಫೋನ್ ನಂಬರಿನ ಚೀಟಿ ಕಟ್ಟಿ.

ರೈಲಿನಲ್ಲಿ ಸಮಯವೇ ತೊಂದರೆ. ಕೊಪ್ಪಳದಂಥ ನಿಲ್ದಾಣದಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೋಗಿ ಎಲ್ಲಿ ಬರುತ್ತದೆಂದು ಮೊದಲೇ ಕೇಳಿಕೊಂಡು ಅಲ್ಲಿ ಬೆಂಚಿನ ಮೇಲೆ ಕೂರಿಸಿ; ಗಾಡಿ ಕಂಡ ಮೇಲೆ ಪ್ಲಾಟ್‌ಫಾರಂ ಉದ್ದಕ್ಕೂ ಓಡಾಡಿಸಬೇಡಿ. ಅವಸರವಾಯಿತೆಂದು ರೋಲೇಟರಿನ ಸೀಟಿನ ಮೇಲೆ ಕೂರಿಸಿ ತಳ್ಳಿಕೊಂಡು ಹೋಗುವುದು ತೀರ ಅಪಾಯ. ಆ ಸೀಟು ನಿಂತಲ್ಲಿ, ಬ್ರೇಕ್ ಹಾಕಿ, ದಣಿವಾರಿಸಿಕೊಳ್ಳಲು ಇರುವುದು. ಸಣ್ಣ ಗಾಲಿ ಕಲ್ಲಿನ ಸಂದಿಗೆ ಸಿಕ್ಕರೆ ಕೂತವರು ಮಗುಚಿ ಬೀಳುತ್ತಾರೆ. ದೂರ ಹೆಚ್ಚಿದ್ದರೆ ನಿಲ್ದಾಣದಲ್ಲಿ ವೀಲ್‌ಚೇರ್ ಕೇಳಿ. ಬೋಗಿಯೊಳಗೆ ಕೆಳ ಬರ್ತಿನಡಿ ಮಲಗಿಸಿ, ಇಳಿಯುವ ನಿಲ್ದಾಣಕ್ಕೆ ಹತ್ತು ನಿಮಿಷ ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳಿ.

ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ವಿಮಾನ ಹತ್ತುವವರು ಟಿಕೆಟ್ ಮಾಡುವಾಗಲೇ ವಾಕರ್ ಇದೆಯೆಂದು ತಿಳಿಸಿ.

ಎರೆಮಣ್ಣು, ಕೆಂಪು ಧೂಳು, ನೂಲು

ಪ್ರಯಾಣ ಮುಗಿದ ದಿನವೇ ಗಾಲಿ ನೋಡಿ. ಸಿಂಧನೂರು, ಗಂಗಾವತಿಯ ಕಡೆಯ ಎರೆಮಣ್ಣು ಹಸಿಯಿದ್ದಾಗ ಒಂದು ಚೊಂಬು ನೀರಿಗೆ ಹೋಗುತ್ತದೆ. ಒಣಗಿದರೆ ಗಾಲಿಗೂ ಬ್ರೇಕಿಗೂ ನಡುವೆ ಕಲ್ಲಾಗಿ ಕೂತು ಬ್ರೇಕು ಹಿಡಿಯದಂತೆ ಮಾಡುತ್ತದೆ. ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಬೋರ್‌ವೆಲ್ಲಿನ ಉಪ್ಪುನೀರು ಲಾಕಿನ ಗುಂಡಿಗಳಲ್ಲಿ ತುಕ್ಕು ಹಿಡಿಸುತ್ತದೆ. ಸಂಡೂರಿನ ಅದಿರಿನ ಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಇದಕ್ಕೆ ತದ್ವಿರುದ್ಧ: ಅದನ್ನು ಒಣ ಬ್ರಷ್ಷಿನಿಂದ ಉದುರಿಸಬೇಕು. ಧೂಳಿನ ಮೇಲೆಯೇ ಎಣ್ಣೆ ಬಿಟ್ಟರೆ ಅದು ಅರೆಯುವ ಲೇಪವಾಗಿ ಬೇರಿಂಗ್ ತಿನ್ನುತ್ತದೆ. ಸ್ವಚ್ಛ ಮಾಡಿದ ಮೇಲೆ ಮಡಚುವ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. ಗಾಲಿಯ ಮೈಗೆ, ಬ್ರೇಕಿನ ಪಟ್ಟಿಗೆ ಎಣ್ಣೆ ತಾಗಲೇಬಾರದು.

ಮನೆಯಲ್ಲಿ ಜೀನ್ಸ್ ಹೊಲಿಗೆ ಇರುವ ಬಳ್ಳಾರಿಯ ಕುಟುಂಬಗಳು, ಹತ್ತಿ ಬಿಡಿಸುವ ರಾಯಚೂರಿನ ಮನೆಗಳು ಮುಂದಿನ ಗಾಲಿಯ ಅಚ್ಚನ್ನು ವಾರಕ್ಕೊಮ್ಮೆ ನೋಡಬೇಕು. ನೂಲು, ಕೂದಲು ಸುತ್ತಿಕೊಂಡು ಗಾಲಿ ತಿರುಗದೆ ಎಳೆದುಕೊಂಡು ಬರುತ್ತದೆ. ಬ್ಲೇಡಿನಿಂದ ಅಡ್ಡ ಸೀಳಿ, ಚಿಮುಟದಿಂದ ಎಳೆದು ತೆಗೆಯಿರಿ.

ಲಾಕ್ ಮಾಡಿದರೂ ಗಾಲಿ ಜಾರುತ್ತಿದ್ದರೆ ವೈರಿನ ತುದಿಯ ತಿರುಪನ್ನು ಹೊರಕ್ಕೆ ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ ನೋಡಿ; ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಲಾಕ್ ಬಿಟ್ಟಾಗ ಪಟ್ಟಿ ಗಾಲಿಗೆ ಉಜ್ಜಬಾರದು, ನಡುವೆ ಒಂದೆರಡು ಮಿ.ಮೀ. ಸಂದಿರಲಿ. ಎರಡೂ ಬದಿ ಒಂದೇ ಸಮನಾಗಿ ಹಿಡಿಯುತ್ತದೆಯೇ ನೋಡಿ, ಆಮೇಲೆ ತಿರುಪು ಸಡಿಲವಾಗದಂತೆ ಹಿಡಿದಿಡುವ ನಟ್ಟನ್ನು ಬಿಗಿ ಮಾಡಿ. ವೈರು ಬದಲಿಸುವುದಿದ್ದರೆ ಹಳೆಯದನ್ನೇ ಅಳತೆಗೆ ತೋರಿಸಿ ಸೈಕಲ್ ಅಂಗಡಿಯಲ್ಲಿ ಕೇಳಿ. ಆ ಕೈಗಳಿಗೆ ಗೊತ್ತಿರುವ ಕೆಲಸ ಅದು. ಗಾಲಿ ಸವೆದು ಗೆರೆಗಳು ಅಳಿಸಿದ್ದರೆ ಅಥವಾ ಹಗುರ ವಾಕರಿನ ಬುಷ್ಷಿನಲ್ಲಿ ಪೈಪು ಕಾಣತೊಡಗಿದ್ದರೆ ಮುಂದಿನ ಪ್ರಯಾಣಕ್ಕೆ ಮೊದಲೇ ಬದಲಿಸಿ, ಎರಡೂ ಬದಿಯವನ್ನು ಒಟ್ಟಿಗೆ.